ಕುಪ್ಪುಸ್ವಾಮಿಯ ತಿಂಗಳುಗಳು

ಈಗಲೂ ಅವರೇಕಾಯಿ ಸೊಗಡು ಮೂಗಿಗೆ ಬಡಿದರೆ ಸಾಕು, ಅಮ್ಮಾಜಮ್ಮನಿಗೆ ಕೆ.ಜಿ.ಎಫ್. ಕೂಲಿಲೈನಿನ ಆ ಸುಣ್ಣದ ಗೋಡೆ ನೆನಪಾಗುತ್ತದೆ. ಎಂಥ ಕಾಲವಪ್ಪಾ ಅದು!

ಐವತ್ತೊಂಬತ್ತನೇ ಇಸವಿ, ಮದುವೆಯಾದ ಹೊಸತು. ಹೊಸ ವರ್ಷ ಯಾವತ್ತು ಅನ್ನುವುದಕ್ಕೇ ಗಂಡಹೆಂಡಿರಿಗೆ ಜಗಳ. ಅವಳಿಗೆ ಯುಗಾದಿ, ಗಣಿಯಲ್ಲಿದ್ದ ಕುಪ್ಪುಸ್ವಾಮಿ ತಮಿಳಿನವನು, ಅವನಿಗೆ ತಮಿಳು ತಿಂಗಳು ಚಿತ್ತಿರೈನ ಮೊದಲ ದಿನ. ಕೊನೆಗೆ ಅವನೇ, "ಎರಡೂ ಬ್ಯಾಡ ಅಮ್ಮಾಜಿ, ಚಂದ್ರನ್ನ ನೋಡ್ಕೊಂಡು ನಮ್ದೇ ಒಂದು ಪಂಚಾಂಗ ಮಾಡಾಣ" ಎಂದ.

ಗಣಿಯ ಕಲ್ಲುಪುಡಿ ಸುರಿದ ಸೈನೈಡ್ ದಿಬ್ಬದ ಮೇಲೆ ಎಳೆಚಂದ್ರ ಕಂಡ ಸಂಜೆ ತಿಂಗಳು ಶುರು. ದಿಬ್ಬದ ಧೂಳು ಅನ್ನಕ್ಕೆಲ್ಲ ಬೀಳುವುದು ಗಾಳಿ ತಿಂಗಳು. ಆಮೇಲೆ ಮಾವಿನ ತಿಂಗಳು, ಅವರೆ ತಿಂಗಳು, ಹೀಗೆ ಹನ್ನೆರಡು. ಮುಗಿದರೆ ಮತ್ತೆ ಮೊದಲಿಂದ. ಇದ್ದಿಲಲ್ಲಿ ಗೋಡೆ ತುಂಬ ಬರೆದ. ಲೈನಿನವರು ನಕ್ಕರು. ನಗಲಿ ಬಿಡಿ, ಇವರಿಬ್ಬರಿಗೆ ಅದೇ ಸಂಭ್ರಮ.

ಅವಳಿಗೆ ಒಂದೇ ಕೊರಗು. ಭಾಷೆ ಬಿಟ್ಟು ಕಟ್ಟಿಕೊಂಡಳೆಂದು ಕಾಮಸಮುದ್ರದ ಅಪ್ಪ ಬಚ್ಚಪ್ಪ ಮಾತು ಬಿಟ್ಟಿದ್ದ. ಕುಪ್ಪುಸ್ವಾಮಿಯನ್ನು "ಮಗಳನ್ನ ಕದ್ದೋನು" ಅನ್ನುತ್ತಿದ್ದ. ಮೂರನೇ ವರ್ಷ ಅದ್ಹೇಗೆ ಮನಸ್ಸು ಕರಗಿತೋ, ಊರಿನವರ ಕೈಲಿ ಹೇಳಿಕಳಿಸಿದ: "ಅವರೇಕಾಯಿ ತಿಂಗಳು ಉಣ್ಣಿಮೆಗೆ ಬಂಗಾರಪೇಟೆ ಸ್ಟೇಷನ್ನಿಗೆ ಬತ್ತೀನಿ. ಇಬ್ರೂ ಬರ್ಲಿ."

ಗೋಡೆಯ ಮೇಲಿನ ಅವರೆ ತಿಂಗಳ ಹುಣ್ಣಿಮೆ ನೋಡಿಕೊಂಡು ಇಬ್ಬರೂ ಹೋದರು. ಅಪ್ಪನ ಸುಳಿವೇ ಇಲ್ಲ. ಕಾಮಸಮುದ್ರದಿಂದ ಕೊನೆಯ ಬಸ್ಸೂ ಬಂದು ನಿಂತಿತು, ಅದರಲ್ಲೂ ಅವನಿಲ್ಲ. ಬೇಕಂತಲೇ ಆಟ ಆಡಿಸಿದ ಎಂದು ಅಮ್ಮಾಜಮ್ಮ ದಾರಿಯುದ್ದಕ್ಕೂ ಅತ್ತಳು.

ಮುಂದಿನ ಹುಣ್ಣಿಮೆಯ ಬೆಳಿಗ್ಗೆ, ಪಾಳಿ ಮುಗಿಸಿದ ಕುಪ್ಪುಸ್ವಾಮಿ ಏದುಸಿರು ಬಿಡುತ್ತಾ ಬಂದ. "ಮಾರ್ಕೆಟ್ಟಿಗೆ ಅವರೇಕಾಯಿ ಈಗ ಬಂದೈತೆ ಅಮ್ಮಾಜಿ! ನಮ್ಮ ಗೋಡೇನೇ ಮುಂದೆ ಓಡೈತೆ. ಏಳು!"

ಬಂಗಾರಪೇಟೆಯಲ್ಲಿ ಬಚ್ಚಪ್ಪ ಅವರೇಕಾಯಿ ಮೂಟೆಯ ಪಕ್ಕ ಕೂತಿದ್ದ. ಮಗಳು ಅಳುತ್ತಲೇ ಗೋಡೆಯ ಕತೆಯೆಲ್ಲ ಹೇಳಿದಳು. ಅವನು ಹುಬ್ಬು ಗಂಟಿಕ್ಕಿ ಕೇಳಿದ.

"ಅಧಿಕ ಮಾಸ ಎಲ್ಲಿ ಬರ್ದಿದ್ದೀರಿ?"

ಕುಪ್ಪುಸ್ವಾಮಿ ಪಿಳಿಪಿಳಿ ಕಣ್ಣು ಬಿಟ್ಟ. ಸೂರ್ಯನನ್ನು ನಂಬಿದ ಅವನ ಮನೆಯ ಲೆಕ್ಕದಲ್ಲಿ ಅಂಥದ್ದೇ ಇರಲಿಲ್ಲ. ಚಂದ್ರನ ಜೊತೆ ಹೋಗುವವರು ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಸೇರಿಸಬೇಕೆಂದು ಪಾಪ, ಅವನಿಗೇನು ಗೊತ್ತು! ಅಮ್ಮಾಜಮ್ಮನೋ, ಗಂಡ ಬರೆದದ್ದೇ ಸರಿ ಅಂದುಕೊಂಡವಳು.

ಬಚ್ಚಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಲ್ಲ ಕಣಪ್ಪಾ ಅಳಿಯ, ಒಂದು ತಿಂಗಳನ್ನೇ ನುಂಗಾಕ್ಬಿಟ್ಟಲ್ಲೋ!"

ಅಳಿಯ! ಕುಪ್ಪುಸ್ವಾಮಿ ಮೂಟೆ ಎತ್ತುವ ನೆಪದಲ್ಲಿ ಬಗ್ಗಿದವನು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.