ಹತ್ತಿಯ ಮೌಂಟು, ಸೀರೆ ಡಬ್ಬಿಯ ರಟ್ಟು

ವಿನೋಬನಗರದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಪರಶುರಾಮ್‌ಗೆ ಜಂಭ ಮೊದಲೇ ಜಾಸ್ತಿ. ಚಿತ್ರದ ಸುತ್ತ ಅಂಚಾಗಿ ಇಡುವ ಮೌಂಟ್ ರಟ್ಟನ್ನು, ಹತ್ತಿಯಿಂದ ಮಾಡಿದ, ಆಸಿಡ್ ಇಲ್ಲದ್ದನ್ನೇ ತರಿಸಲು ಶುರು ಮಾಡಿದ ಮೇಲೆ ಅವನನ್ನು ಹಿಡಿಯುವವರೇ ಇಲ್ಲ. ಮಾಮೂಲಿ ರಟ್ಟು ಇಟ್ಟರೆ ಚಿತ್ರ ಒಳಗೊಳಗೇ ಸುಟ್ಟುಹೋಗುತ್ತದೆ ಎಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ.

ಆವತ್ತು ಕಡರನಾಯಕನಹಳ್ಳಿಯ ಕೊಟ್ರವ್ವ, ಹರಿಹರದಲ್ಲಿ ಬಸ್ಸು ಬದಲಿಸಿ, ಹಳೇ ಸೀರೆಯಲ್ಲಿ ಸುತ್ತಿದ ಒಂದು ಚಿತ್ರ ತಂದಳು. ಎಮ್ಮೆ ಹಾಲು ಹಿಂಡುತ್ತ ಕೂತ ಅವಳನ್ನೇ ಮಗಳು ಸುಮಾ ಬಣ್ಣದಲ್ಲಿ ಬರೆದಿದ್ದಳು. ಸುಮಾ ತೀರಿಕೊಂಡು ಹನ್ನೆರಡು ವರ್ಷ. ಅವಳ ಕೈಯದ್ದು ಅಂತ ಉಳಿದದ್ದು ಇದೊಂದೇ.

"ನೀವೇ ಹಾಕಿದ ಕಟ್ಟು ರೀ ಅಣ್ಣ. ಸುತ್ತಲೂ ಸುಟ್ಟಂಗೆ ಆಗೈತೆ, ಯಾಕ ನೋಡ್ರಿ."

ಹಿಂದೆ ತಿರುಗಿಸಿದರೆ ತನ್ನದೇ ಅಂಗಡಿಯ ಚೀಟಿ. ಪರಶುರಾಮ್‌ಗೆ ನೆನಪಾಯಿತು. 'ಒಳ್ಳೇದನ್ನೇ ಹಾಕ್ರಿ' ಎಂದು ಅವಳು ಅಂಗಲಾಚಿದ್ದಳು. ಹಳ್ಳಿ ಹೆಂಗಸಿಗೆ ಏನು ತಿಳಿಯುತ್ತದೆ ಎಂದುಕೊಂಡು ಅವನು ಸೀರೆ ಡಬ್ಬಿಯ ರಟ್ಟು ಕತ್ತರಿಸಿ, ಮೇಲೆ ಬಿಳಿ ಕಾಗದ ಅಂಟಿಸಿ ಕೊಟ್ಟಿದ್ದ. ಈಗ ಆ ರಟ್ಟಿನ ಅಂಚು ತಾಗಿದಲ್ಲೆಲ್ಲ, ನಾಲ್ಕೂ ಕಡೆ, ಸ್ಕೇಲಿಟ್ಟು ಎಳೆದಂತೆ ಕಂದು ಗೆರೆ. ತಪ್ಪು ಯಾರದೆಂದು ಕೇಳಬೇಕಾಗಿಯೇ ಇರಲಿಲ್ಲ.

ಆದರೆ ಗಾಜಿನ ಮೇಲೆ ಕುಂಕುಮದ ಕಲೆಯಿತ್ತು.

"ಇದಕ್ಕೆ ಕುಂಕುಮ, ಹೂವು ಏರಿಸ್ತಿದ್ರೇನು?"

"ಪ್ರತಿ ಶುಕ್ರವಾರ ಒದ್ದೆ ಬಟ್ಟೇಲಿ ಒರೆಸಿ ಏರಿಸ್ತೀನಿ. ಚಿತ್ರದಾಗೆ ನಾನಿದ್ರೂ ನನಗೆ ಅದೇ ಮಗಳಲ್ಲೇನ್ರಿ."

"ಅದೇ ಮತ್ತೆ! ಆ ನೀರು ಒಳಗಿಳಿದು ಹಿಂಗಾಗೈತೆ. ಈ ಗೆರೆ ಇನ್ನು ಹೋಗಲ್ಲ."

ಎಷ್ಟು ಸಲೀಸಾಗಿ ಬಂತು ಆ ಮಾತು! ನಾಚಿಕೆಗೆಟ್ಟ ನಾಲಿಗೆ ಒಂದು ಸಲವೂ ತಡವರಿಸಲಿಲ್ಲ.

ಕೊಟ್ರವ್ವ ತನ್ನ ಬಲಗೈಯನ್ನು ನೋಡಿಕೊಂಡಳು. "ಹಂಗಾದ್ರೆ ನಾನೇ ಹಾಳು ಮಾಡಿದೆ."

ಇಲ್ಲ ಎನ್ನಲು ಅವನಿಗೆ ಆಗಲೂ ಸಮಯವಿತ್ತು. ಆದರೆ ಅವನು ಹೊಸ ಹತ್ತಿಯ ಮೌಂಟ್ ಕೈಗೆತ್ತಿಕೊಂಡ. ಗೆರೆ ಮುಚ್ಚುವಂತೆ ಅಳೆದು ಕತ್ತರಿಸಿದ, ತೆಳು ಕಾಗದದ ಪಟ್ಟಿಗಳಿಗೆ ಗಂಜಿ ಸವರಿ ಅವುಗಳಿಂದ ಚಿತ್ರವನ್ನು ಕೂರಿಸಿದ. ಅಷ್ಟು ಜೋಪಾನವಾಗಿ ಅವನು ಯಾವ ಕಟ್ಟನ್ನೂ ಹಾಕಿರಲಿಲ್ಲ. ದುಡ್ಡು ಬೇಡವೆಂದ.

"ದೇವರಂಥೋರು ನೀವು," ಎಂದು ಅವಳು ಕೈ ಮುಗಿದಳು. "ನನ್ನ ಕೈಗೆ ಸಿಗದಂಗೆ ಎತ್ತರಕ್ಕೆ ಹಾಕಿಸ್ತೀನಿ. ಇನ್ನು ಕುಂಕುಮ ಬ್ಯಾಡ, ಹೂವೂ ಬ್ಯಾಡ. ಮುಟ್ಟಂಗೇ ಇಲ್ಲ."

ಚಿತ್ರವನ್ನು ಸೀರೆಯಲ್ಲಿ ಸುತ್ತಲು ಹೋದವಳು ಹಿಂಬದಿ ನೋಡಿ ನಿಂತಳು.

"ಅಣ್ಣ, ಚೀಟಿ ಮರೆತ್ರಿ. ಉಳಿಸಿಕೊಟ್ಟೋರು ಯಾರು ಅಂತ ಗೊತ್ತಿರಬೇಕಲ್ರಿ."

ಪರಶುರಾಮ್ ಚೀಟಿ ಹುಡುಕಿ, ಗೋಂದು ಹಚ್ಚಿ, ಅಂಟಿಸಿಕೊಟ್ಟ.