ಚತುರ್ದಶಿಯ ಮೌನ

ಮಾತು ಬೆಳ್ಳಿ, ಮೌನ ಬಂಗಾರ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಆ ಚತುರ್ದಶಿಯ ದಿನ ಅವನು ತೀರ್ಥಹಳ್ಳಿ ಹತ್ತಿರದ ಮೇಳಿಗೆ ಊರಿನಲ್ಲಿ ಇದ್ದಿದ್ದರೆ ತನ್ನ ಗಾದೆಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ.

ಬಸದಿಯ ಹತ್ತಿರದ ಮನೆಯ ಜಿನಮ್ಮನವರು ಪ್ರತಿ ಚತುರ್ದಶಿಗೂ ಮೌನ ಹಿಡಿಯುತ್ತಿದ್ದರು. ಬೆಳಗಿನ ಜಾವ ಪೂಜೆಗೆ ಕೂರುವ ಮೊದಲು, ಇನ್ನು ನನ್ನನ್ನು ಮಾತಾಡಿಸಬೇಡಿ ಎಂದರೆ ಮುಗಿಯಿತು. ಮಧ್ಯಾಹ್ನದ ಒಂದೇ ಹೊತ್ತಿನ ಊಟಕ್ಕೆ ಏಳುವವರೆಗೆ ತುಟಿ ಬಿಚ್ಚುತ್ತಿರಲಿಲ್ಲ. ಹಾಗೆಂದು ಮನೆಯವರಿಗೆ ಬಿಡುವು ಸಿಗುತ್ತಿತ್ತು ಎಂದುಕೊಳ್ಳಬೇಡಿ. ಮಾತಿಲ್ಲದ ದಿನ ಅವರ ಹುಬ್ಬು ಮತ್ತು ಬೆರಳು ಎರಡು ಪಾಲು ಜೋರಾಗಿ ಆಳ್ವಿಕೆ ನಡೆಸುತ್ತಿದ್ದವು.

ಮೊಮ್ಮಗಳು ಸಂಯುಕ್ತಾ ಮಂಗಳೂರಿನ ಒಂದು ಲ್ಯಾಬಿನಲ್ಲಿ ಲಕ್ವದ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಇಲಿ ಕೊಯ್ಯುವ ವಿದ್ಯೆಯಾದರೆ ಈ ಹೊಸ್ತಿಲು ತುಳಿಯಬೇಡ ಎಂದು ಅಜ್ಜಿ ಮೊದಲೇ ಹೇಳಿದ್ದರಿಂದ, ತಟ್ಟೆಯಲ್ಲಿ ಬೆಳೆಸಿದ ನರಕೋಶಗಳ ಮೇಲಷ್ಟೇ ಕೆಲಸ ಮಾಡುವ ಗುಂಪನ್ನು ಹುಡುಕಿ ಸೇರಿದ್ದಳು. ಆ ಕೋಶಗಳಿಗೆ ಉಸಿರು ಮತ್ತು ಸಕ್ಕರೆ ಎರಡನ್ನೂ ತಪ್ಪಿಸಿ, ಲಕ್ವ ಹೊಡೆದ ಮೆದುಳಿನ ಸ್ಥಿತಿಗೆ ತರುವುದು. ಆಮೇಲೆ ಒಂದು ಕಾವಲು ಪ್ರೊಟೀನು ಅವನ್ನು ಉಳಿಸುತ್ತದೆಯೇ ಎಂದು ನೋಡುವುದು. ಎರಡು ಸಲ ಉಳಿಸಿತ್ತು. ಮೂರನೆಯದಕ್ಕೆ ಕಾಯಲಾರದೆ, ತಟ್ಟೆಗಳನ್ನು ಗೆಳತಿ ಸ್ವಪ್ನಾಳಿಗೆ ಒಪ್ಪಿಸಿ ಊರಿಗೆ ಓಡಿ ಬಂದಿದ್ದಳು.

ಆ ದಿನ ಹತ್ತು ಗಂಟೆ ಸುಮಾರಿಗೆ ಸ್ವಪ್ನಾಳ ಫೋನು ಬಂತು. ಪ್ರೊಟೀನು ಕೊಡದ ತಟ್ಟೆಗಳಲ್ಲಿ ಮುಕ್ಕಾಲು ಪಾಲು ಸತ್ತಿವೆ, ಕೊಟ್ಟವುಗಳಲ್ಲಿ ಮುಕ್ಕಾಲು ಪಾಲು ಬದುಕಿವೆ ಎಂದಳು. ಸಂಯುಕ್ತಾಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವಳು ಕಿರುಚಿದ ರಭಸಕ್ಕೆ ದೇವರ ಕೋಣೆಯಿಂದ ಅಜ್ಜಿಯೇ ಎದ್ದು ಬಂದು, ಬಲಗೈ ಗೆಣ್ಣಿನಿಂದ ನೆತ್ತಿಗೆ ಒಂದು ಮೊಟಕಿ, ಅಷ್ಟೇ ಬಿರುಸಾಗಿ ಒಳಗೆ ಹೋದರು. ಕಣ್ಣಲ್ಲಿ ನೀರು ಬಂದರೂ ಹುಡುಗಿಯ ನಗು ನಿಲ್ಲಲಿಲ್ಲ.

ಗೈಡಿಗೆ ಫೋನು ಮಾಡಿ, ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಜ್ಜಿ ಪಡಸಾಲೆಯ ಮೂಲೆಯಲ್ಲಿ ಗೋಡೆಗೊರಗಿ ಕೂತಿದ್ದರು. ಸಂಯುಕ್ತಾ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಅರಳು ಹುರಿದಂತೆ ಶುರುಮಾಡಿದಳು. ರಕ್ತನಾಳ ಕಟ್ಟಿಕೊಂಡರೆ ರಕ್ತ ತಪ್ಪಿದ ಜಾಗದ ನಟ್ಟನಡುವಿನ ಕೋಶಗಳು ಬೇಗ ಸಾಯುತ್ತವೆ. ಸುತ್ತಲಿನವು ಹಾಗಲ್ಲ; ಅರೆಜೀವ ಹಿಡಿದುಕೊಂಡು, ರಕ್ತ ಬಂದೀತು ಎಂದು ಕೆಲವು ಗಂಟೆ ಕಾಯುತ್ತವೆ. ಮೆದುಳು ಅಂಥ ಹೊತ್ತಿನಲ್ಲಿ ಈ ಪ್ರೊಟೀನನ್ನು ತಾನೇ ಅಷ್ಟಿಷ್ಟು ತಯಾರಿಸಿಕೊಳ್ಳುತ್ತದೆ. ನಾವು ಇನ್ನಷ್ಟು ಕೊಟ್ಟರೆ ಕಾಯುವ ಶಕ್ತಿ ಹೆಚ್ಚುತ್ತದೆ. ಬಾಯಿ ಸೊಟ್ಟಗಾದರೆ, ಕೈ ಸೋತರೆ, ಮಾತು ನಿಂತರೆ ಜನ ಎಣ್ಣೆ ತಿಕ್ಕುತ್ತಾ ಕೂರುತ್ತಾರೆ, ಎಂಥ ದಡ್ಡರು ನೋಡಿ ಎಂದೂ ಸೇರಿಸಿದಳು. ಅಜ್ಜಿ ಕಣ್ಣು ಕೀಳದೆ ಕೇಳುತ್ತಿದ್ದರು. ಇಷ್ಟು ಗಮನವಿಟ್ಟು ಕೇಳುವವರು ಸೆಮಿನಾರುಗಳಲ್ಲೂ ಸಿಕ್ಕಿರಲಿಲ್ಲವಾದ್ದರಿಂದ ಅವಳು ಇನ್ನೂ ಹುರುಪಿನಿಂದ ಮುಂದುವರಿದಳು. ಓದಿದವರ ಪಾಡು ಇಷ್ಟೇ, ದೀಪದ ಬುಡದಲ್ಲೇ ಕತ್ತಲು.

ಅಷ್ಟರಲ್ಲಿ ಜಪಮಾಲೆ ಕಣ್ಣಿಗೆ ಬಿತ್ತು. ಅದು ಅಜ್ಜಿಯ ಎಡಗೈಯಲ್ಲಿತ್ತು.

ಪ್ರಪಂಚ ಮುಳುಗಿದರೂ ಜಿನಮ್ಮ ಎಡಗೈಯಲ್ಲಿ ಜಪ ಮಾಡುವವರಲ್ಲ. ಸಂಯುಕ್ತಾ ಮಾತು ಬಿಟ್ಟು ಮುಂದಕ್ಕೆ ಬಗ್ಗಿದಳು. ಎರಡೂ ಕೈ ಎತ್ತಿ ಎಂದಳು. ಎಡಗೈ ಎದ್ದಿತು, ಬಲಗೈ ಮಡಿಲಲ್ಲೇ ಬಿದ್ದಿತ್ತು. ನಗಿ ಎಂದಳು. ಅರ್ಧ ಬಾಯಿ ಮಾತ್ರ ನಕ್ಕಿತು.

ಒಳಗಿಂದ ಬಂದ ಅಪ್ಪ ಶಾಂತರಾಜರು, ಮೌನದಲ್ಲಿರುವವರನ್ನು ಯಾಕೆ ಕೆಣಕುತ್ತೀಯ ಎಂದು ಗದರಿದರು.

"ಅಪ್ಪಾ, ಇದು ಮೌನ ಅಲ್ಲ. ಲಕ್ವ ಹೊಡ್ದಿದೆ. ಕಾರ್ ತೆಗೀರಿ."

ಶಾಂತರಾಜರು ಕಾರಿನ ಕೀಲಿಗೆ ಓಡಿದರು. ತೀರ್ಥಹಳ್ಳಿ ದಾಟಿ ಶಿವಮೊಗ್ಗದ ರಸ್ತೆ ಹಿಡಿದಾಗ ಹಿಂದಿನ ಸೀಟಿನಲ್ಲಿ ಅಜ್ಜಿಯ ತಲೆ ಸಂಯುಕ್ತಾಳ ಭುಜದ ಮೇಲಿತ್ತು, ಅವಳ ಕಿವಿಗೆ ಫೋನಿತ್ತು. ಸ್ಕ್ಯಾನು ತಯಾರಿರಲಿ ಎಂದು ಆಸ್ಪತ್ರೆಗೆ ಹೇಳಿಯಾಗಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಲಕ್ವ ಹೊಡೆದ ಹೊತ್ತಿನಿಂದ ನಾಲ್ಕೂವರೆ ಗಂಟೆಯ ಗಡುವು. ಅವಳ ಪ್ರೊಟೀನು ಎಲ್ಲಿತ್ತು? ಮಂಗಳೂರಿನ ತಟ್ಟೆಯಲ್ಲಿ. ಅದು ಔಷಧಿಯಾಗಿ ಶೀಶೆಗೆ ಇಳಿಯುವುದು ಯಾವ ಕಾಲಕ್ಕೋ, ಇಳಿಯುತ್ತದೋ ಇಲ್ಲವೋ. ಆದರೆ ಈಗ, ಈ ಭುಜದ ಮೇಲಿನ ತಲೆಯೊಳಗೆ, ಅಜ್ಜಿಯ ಮೆದುಳು ತನ್ನ ಪಾಲಿನ ಕಾವಲನ್ನು ತಾನೇ ತಯಾರಿಸುತ್ತಿರಬೇಕು. ಎಷ್ಟೋ ಲಕ್ಷ ಕೋಶಗಳು ಇನ್ನೂ ಸತ್ತಿಲ್ಲ, ಕಾಯುತ್ತಿವೆ. ಭಯದ ಜೊತೆಗೇ ಅವಳಿಗೆ ವಿಚಿತ್ರ ಉತ್ಸಾಹ ಉಕ್ಕಿತು. ತಡ್ಕೊಳ್ಳಿ, ಬರ್ತಾ ಇದೀವಿ ಎಂದು ಆ ಕೋಶಗಳಿಗೇ ಗಟ್ಟಿಯಾಗಿ ಹೇಳಿದಳು.

ಮಂಡಗದ್ದೆಯಲ್ಲಿ ಹಕ್ಕಿ ನೋಡಲು ಬಂದವರ ವಾಹನಗಳು ರಸ್ತೆಗೆ ಅಡ್ಡ ನಿಂತಿದ್ದವು. ಹಾರ್ನು ಹೊಡೆಯುವುದೂ ಒಂದು ಬಗೆಯ ಹಿಂಸೆ ಎಂದು ನಂಬಿದ್ದ ಶಾಂತರಾಜರು ಅಂಗೈಯನ್ನು ಹಾರ್ನಿನ ಮೇಲೆ ಒತ್ತಿ ಹಿಡಿದವರು ದಾರಿ ಬಿಡುವವರೆಗೂ ತೆಗೆಯಲಿಲ್ಲ. ಮರದ ಹಕ್ಕಿಗಳೂ ನೋಡುವ ಜನರೂ ಒಟ್ಟಿಗೆ ಚದುರಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ ಇಬ್ಬರನ್ನೂ ಕಂಗೆಡಿಸಿತು. ಇವರು ಕೊನೆಯ ಸಲ ಸರಿಯಾಗಿ ಮಾತಾಡಿದ್ದು ಯಾವಾಗ?

ಸುಳ್ಳು ಹೇಳಿ ಅಭ್ಯಾಸವಿಲ್ಲದ ಶಾಂತರಾಜರು, ಸೂರ್ಯ ಹುಟ್ಟುವ ಮೊದಲು ಎಂದರು. ಆಗಲೇ ಮಧ್ಯಾಹ್ನ ಒಂದೂವರೆ. ಹಾಗಿದ್ದರೆ ಗಡುವು ಮುಗಿದಿದೆ, ಇಂಜೆಕ್ಷನ್ ಕೊಡುವುದು ಅಪಾಯ ಎಂದು ಡಾಕ್ಟರು ತಲೆ ಅಲ್ಲಾಡಿಸಿದರು. ಸಂಯುಕ್ತಾ ಕೈಯಲ್ಲಿದ್ದ ಫೋನು ನೋಡಿದಳು. ಮರುಕ್ಷಣವೇ ಹೊಳೆಯಿತು.

"ಮಾತು ಬೇಡ ಡಾಕ್ಟ್ರೇ, ಕೈ ಸಾಕಲ್ವಾ? ಈ ಫೋನ್ ಬಂದಾಗ ಎದ್ದು ಬಂದು ನಂಗೆ ಮೊಟಕಿದಾರೆ. ಅದೇ ಬಲಗೈಯಲ್ಲಿ."

ಸ್ವಪ್ನಾಳ ಕರೆಯ ಸಮಯ ಫೋನಿನಲ್ಲಿತ್ತು: ಹತ್ತು ಗಂಟೆ ಐದು ನಿಮಿಷ. ಡಾಕ್ಟರು ಅದನ್ನು ನೋಡಿದರು. ಆಮೇಲೆ ಅವಳ ನೆತ್ತಿಯನ್ನೂ ಮುಟ್ಟಿ ನೋಡಿದರು. ಬುಗುಟೆ ಇನ್ನೂ ಇಳಿದಿರಲಿಲ್ಲ. ಇಂಥ ಸಾಕ್ಷಿ ನಾನು ಎಲ್ಲೂ ನೋಡಿಲ್ಲ ಎನ್ನುತ್ತಲೇ ಅವರು ಗಾಲಿಮಂಚವನ್ನು ಸ್ಕ್ಯಾನಿನತ್ತ ತಳ್ಳಿಸಿದರು. ರಕ್ತಸ್ರಾವ ಇರಲಿಲ್ಲ. ಗಡುವು ಮುಗಿಯುವ ಮೊದಲೇ ಔಷಧಿ ಅಜ್ಜಿಯ ರಕ್ತನಾಳದೊಳಗೆ ಇಳಿಯಿತು.

ಸಂಜೆಯ ಹೊತ್ತಿಗೆ ಬಲಗೈಯ ಹೆಬ್ಬೆರಳು ಅಲುಗಿತು. ಆಮೇಲೆ ಉಳಿದ ಬೆರಳುಗಳು ಅಲುಗಿದವು. ಔಷಧಿಯ ಗುಣವೋ, ಒಳಗಿನ ಕಾವಲಿನ ಗುಣವೋ, ಬರೀ ಪುಣ್ಯವೋ, ಸಂಶೋಧಕಿಯಾಗಿ ಹೇಳಲು ಅವಳಿಗೆ ಸಾಧ್ಯವಿರಲಿಲ್ಲ; ಮೊಮ್ಮಗಳಾಗಿ ಕುಣಿಯಬೇಕೆನಿಸಿತು. ಶಾಂತರಾಜರು ಮುಖ ತಿರುಗಿಸಿ ಕಣ್ಣೊರೆಸಿಕೊಂಡರು. ಆಗ ಅಜ್ಜಿಯ ಗಂಟಲಿಂದ ದನಿ ಹೊರಟಿತು. ತೊದಲು ಮಾತು, ಒಂದೊಂದಕ್ಕೂ ತಡವರಿಕೆ. ಸಂಯುಕ್ತಾ ಬಗ್ಗಿ, ಆಯಾಸ ಮಾಡ್ಕೋಬೇಡಿ, ನಿಮ್ಮ ಮೌನ ಹೇಗೂ ಮುರಿದುಹೋಯಿತಲ್ಲ, ನಿಧಾನಕ್ಕೆ ಹೇಳಿ ಎಂದು ನಗಿಸಲು ನೋಡಿದಳು.

ಜಿನಮ್ಮ ಇಲ್ಲವೆಂಬಂತೆ ತಲೆ ಆಡಿಸಿದರು.

"ಆಗ್ಲೇ ಮುರ್ದಿದ್ದೆ, ಮಗಾ. ನಿನ್ನ ಹೆಸ್ರು ಹಿಡ್ದು ಕರ್ದೆ. ಎಷ್ಟ್ ಸಲ ಕರ್ದೆ, ದನಿ ಹೊರಡ್ಲಿಲ್ಲ. ನೀ ಎದ್ರಿಗೇ ಕೂತಿದ್ದೆ."