ಹತ್ತು ಹೆಜ್ಜೆ ಹಿಂದೆ

ಕೋಕಿಲಾ ಫೋನನ್ನು ಶವಪೆಟ್ಟಿಗೆಯ ಮೇಲೆ ಬಾಗಿಸಿ ಹಿಡಿದಿದ್ದಳು. ಹಿಡಿದು ಹಿಡಿದು ಮೊಣಕೈ ಸೋತುಹೋಗಿತ್ತು. ಪರದೆಯ ಆಚೆ ಗದಗಿನಲ್ಲಿ ಆಗ ಸಂಜೆ. ಅವಳ ಅತ್ತೆ ಶಾರದವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಮತ್ತೆ ಹಾಕಿಕೊಂಡು, ಮಗನ ಮುಖವನ್ನೇ ನೋಡುತ್ತಿದ್ದರು.

"ಯಾಕ ಮಲಗಿಸೀರಿ ಅವನ್ನ?"

"ಅತ್ತಿ, ಮೂರು ದಿನದಿಂದ ಹೇಳಾಕತ್ತೇನಿ. ಇಲ್ಲಿ ಹಿಂಗ ರೀ. ಪೆಟ್ಟಿಗ್ಯಾಗ ಮಲಗಿಸೇ ಇಡಬೇಕಂತ."

"ನಮ್ಮ ಮನ್ಯಾಗ ಯಾರನ್ನೂ ಮಲಗಿಸಿ ಮಣ್ಣು ಕೊಟ್ಟಿಲ್ಲವಾ. ಅವರಪ್ಪನ್ನ ಕುಂಡ್ರಿಸೇ ಕೊಟ್ಟೇವಿ. ಅಂವನೂ ಕುಂತೇ ಹೋಗಬೇಕು."

ಬ್ರ್ಯಾಂಪ್ಟನ್ನಿನ ಆ ಫ್ಯೂನರಲ್ ಹೋಮಿನ ಮ್ಯಾನೇಜರು ಎರಡು ಸಲ ಮೆತ್ತಗೆ, ಮೂರನೆಯ ಸಲ ತುಸು ಬಿಗಿಯಾಗಿ, ಆಗುವುದಿಲ್ಲ ಎಂದಿದ್ದ. ಕ್ರಿಯೆ ಮಾಡಿಸಲು ಬಂದಿದ್ದವನು ಲೋಕೇಶ. ಜಂಗಮರ ಮನೆತನ, ವಾರವೆಲ್ಲ ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸ. ಅವನು ವಿಭೂತಿ ಗಟ್ಟಿ ಹಿಡಿದುಕೊಂಡು ಗೋಡೆಯ ಗಡಿಯಾರ ನೋಡಿದ.

"ಅಕ್ಕಾರ, ಹತ್ತೂವರೆಗೆ ಹೊರಡಬೇಕು. ಅವ್ವಾರು ಹೂಂ ಅನ್ನದ ನಾ ಹ್ಯಾಂಗ ಶುರು ಮಾಡ್ಲಿ?"

ಕೋಕಿಲಾ ಫೋನನ್ನು ಇನ್ನೊಂದು ಕೈಗೆ ಬದಲಿಸಿ ಹಿಡಿದಳು. ಗಂಡ ನಿಜಗುಣನಿಗೆ ನಲವತ್ನಾಲ್ಕು. ಹದಿನೇಳು ವರ್ಷ ಒಂದೇ ಬ್ರೆಡ್ ಫ್ಯಾಕ್ಟರಿಯಲ್ಲಿ ಲಾರಿಗಳಿಗೆ ಟ್ರೇ ತುಂಬಿಸಿದವನು. ಮಂಗಳವಾರ ಬೆಳಿಗ್ಗೆ ಶಿಫ್ಟು ಮುಗಿಸಿ, ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ತೆಗೆಯುತ್ತಿದ್ದಾಗ ಕುಸಿದಿದ್ದ. ಹೃದಯ ನಿಂತಿತು ಎಂದರು ಡಾಕ್ಟರು. ಅಂದಿನಿಂದ ಅವಳು ಮಲಗಿದ್ದೂ ಕಡಿಮೆ, ಅತ್ತಿದ್ದೂ ಕಡಿಮೆ. ಫಾರ್ಮುಗಳಿಗೆ ಸಹಿ ಹಾಕಿದ್ದೇ ಹೆಚ್ಚು.

ಹದಿನಾಲ್ಕು ವರ್ಷದ ಮಗಳು ನಿಧಿ ಬಂದು ತಾಯಿಯ ತೋಳು ಮುಟ್ಟಿದಳು. "ಅಮ್ಮ, ಅಪ್ಪನ ರಗ್ಬಿ ಟೀಮ್‌ನವ್ರು ಬಂದಿದಾರೆ. ದೇ ವಾಂಟ್ ಟು ಕ್ಯಾರಿ ಹಿಮ್."

ಹಿಂದಿನ ಗೋಡೆಗೆ ಆತು ಹನ್ನೆರಡು ಮಂದಿ ದಾಂಡಿಗರು ನಿಂತಿದ್ದರು. ಯಾರದೋ ಮದುವೆಗೆ ಹೊಲಿಸಿದ ಸೂಟುಗಳು, ಈಗ ಭುಜದಲ್ಲಿ ಬಿಗಿ. ಮುಂದೆ ಕುರ್ಚಿಗಳು ಖಾಲಿಯಿದ್ದರೂ ಯಾರೂ ಕುಳಿತಿರಲಿಲ್ಲ.

"ಬ್ಯಾಡ," ಎಂದಳು ಕೋಕಿಲಾ. "ನಮ್ಮವರ ಎತ್ತತಾರ ಅಂತ ಹೇಳು. ಅವರು ಎತ್ತಿದ್ದು ಸಾಕು, ಕೆಡವಿದ್ದೂ ಸಾಕು."

ಆ ದಾಂಡಿಗರ ನಡುವಿನಿಂದ ಒಬ್ಬ ತೆಳ್ಳಗಿನ ಮುದುಕರು ಬಂದರು. ಮೈಸೂರಿನ ಕಡೆಯವರು, ಎಪ್ಪತ್ತಾರು ದಾಟಿದ ನಿವೃತ್ತ ಎಂಜಿನಿಯರ್ ವಿಶ್ವೇಶ್ವರ. ಕೈಯಲ್ಲಿ ಮಡಿಸಿದ ಎರಡು ಹಾಳೆ. ಟೀಮಿನ ಪರವಾಗಿ ನಾಲ್ಕು ಮಾತಾಡಬೇಕೆಂದು ಕ್ಯಾಪ್ಟನ್ ಡೆಕ್ಲನ್ ಕೇಳಿಕೊಂಡಿದ್ದ.

"ನೀವು ಯಾರ್ರಿ ಸರ?"

"ನಾನು ಫ್ಯಾನ್ ಕಣಮ್ಮ," ಎಂದರು ಅವರು, ತಪ್ಪೊಪ್ಪಿಕೊಂಡವರಂತೆ. "ನಿಜಗುಣನ ಫ್ಯಾನು."

ಕೋಕಿಲಾಳ ತುಟಿ ಒಂದು ಕಡೆಗೆ ಸೊಟ್ಟಗಾಯಿತು. "ಅವರಿಗೆ ಫ್ಯಾನು ಬ್ಯಾರೆ ಇದ್ರ?"

*

ಹನ್ನೊಂದು ವರ್ಷದ ಹಿಂದೆ, ಹೆಂಡತಿ ವಿಜಯಾ ತೀರಿಹೋದ ಬೇಸಿಗೆ, ವಿಶ್ವೇಶ್ವರರಿಗೆ ಶನಿವಾರ ಮಧ್ಯಾಹ್ನಗಳನ್ನು ಏನು ಮಾಡಬೇಕೋ ತಿಳಿಯುತ್ತಿರಲಿಲ್ಲ. ಸ್ಟ್ರೀಟ್ಸ್‌ವಿಲ್ಲಿನ ಕ್ವೀನ್ ಸ್ಟ್ರೀಟಿನಲ್ಲಿ ಒಂದು ಕಾಫಿ ಹಿಡಿದುಕೊಂಡು ಸುಮ್ಮನೆ ನಡೆಯುವರು. ಹಾಗೆ ನಡೆಯುತ್ತ ಒಂದು ಮೈದಾನದ ಬೇಲಿಯ ಬಳಿ ನಿಂತಿದ್ದಾಗ, ಮೂವರು ಸೇರಿ ಒಬ್ಬನನ್ನು ಮಣ್ಣಿಗೆ ಅಪ್ಪಳಿಸಿದರು. ಅಡಿಯಿಂದ ದನಿ ಬಂತು:

"ಅಯ್ಯ ಯವ್ವಾ!"

ವಿಶ್ವೇಶ್ವರ ಕಾಫಿ ಚೆಲ್ಲಿಕೊಂಡರು.

ಅದು ರಗ್ಬಿ ಲೀಗ್ ಎಂಬ ಆಟ, ಟೀಮಿಗೆ ಹದಿಮೂರು ಜನ ಎಂಬುದು ಆಮೇಲೆ ತಿಳಿಯಿತು. ಚೆಂಡು ಹಿಡಿದು ಎದುರಿನ ಸಾಲಿಗೆ ನುಗ್ಗಬೇಕು. ಕೆಡವಿದರೆ ಎದ್ದು, ಚೆಂಡನ್ನು ನೆಲಕ್ಕಿಟ್ಟು, ಕಾಲಿನಿಂದ ಹಿಂದಕ್ಕೆ ತಳ್ಳಬೇಕು. ಆಗಲೇ ಆಟ ಮುಂದೆ ಸಾಗುವುದು. ಮೊದಲು ನುಗ್ಗಿ ಬೀಳುವ ಕೆಲಸ ಫಾರ್ವರ್ಡ್‌ಗಳದು. ಅವರು ದಾರಿ ಮಾಡಿಕೊಟ್ಟ ಮೇಲೆ ಅಂಚಿನ ಚುರುಕು ಹುಡುಗರು ಓಡಿ ಪಾಯಿಂಟು ಗಳಿಸುತ್ತಾರೆ. ಫೋಟೋ ಅವರದೇ ಬರುತ್ತದೆ. ಗದಗಿನಲ್ಲಿ ಕಬಡ್ಡಿ ಆಡಿದ್ದ ನಿಜಗುಣನನ್ನು ಫ್ಯಾಕ್ಟರಿಯ ಗೆಳೆಯನೊಬ್ಬ ಕರೆತಂದಿದ್ದನಂತೆ. ಬೆನ್ನ ಮೇಲೆ ಹತ್ತನೇ ನಂಬರು, ಫಾರ್ವರ್ಡ್ ಒಬ್ಬನದು.

ಮಾತು ಹೆಚ್ಚಿರಲಿಲ್ಲ. "ಬಂದ್ರ್ಯಾ ಸರ?" "ಬಂದೆ ಕಣಯ್ಯ." ಆಟ ಮುಗಿದ ಮೇಲೆ "ಬರ್ತೇನ್ರಿ." ಹನ್ನೊಂದು ವರ್ಷದಲ್ಲಿ ವಿಶ್ವೇಶ್ವರ ತಪ್ಪಿಸಿದ್ದು ನಾಲ್ಕೇ ಮ್ಯಾಚು, ಅದರಲ್ಲಿ ಮೂರು ಕಣ್ಣಿನ ಪೊರೆ ತೆಗೆಸಿದಾಗ.

*

"ಹನ್ನೊಂದು ವರ್ಷ," ಎಂದಳು ಕೋಕಿಲಾ. ಫೋನು ಹಿಡಿದ ಕೈ ತಾನಾಗಿ ಇಳಿದಿತ್ತು. "ಶನಿವಾರ ಅನ್ನೂದು ನನಗ ಸಿಗಲೇ ಇಲ್ರಿ. ಬಂದು ಸೋಫಾದ ಮ್ಯಾಲ ಬಿದ್ದರ ಊಟಕ್ಕೂ ಏಳ್ತಿರಲಿಲ್ಲ. ಒಂದ ಸಲ ನೋಡಾಕ ಹೋಗಬೇಕಂದ್ರ ಆ ಟೈಮಿಗೇ ನನ್ನ ಶಿಫ್ಟು. ಗೆದ್ರೇನು ಅಂದ್ರ ಇಲ್ಲ. ಪಾಯಿಂಟ್ ತಗೊಂಡ್ರೇನು ಅಂದ್ರ ಇಲ್ಲ. ಮತ್ತ ಅಲ್ಲೇನು ಮಾಡ್ತೀರಿ ಅಂದ್ರ, 'ಏನಿಲ್ಲ, ಓಡೂದು.' ಇಷ್ಟ. ನೀವರ ಹೇಳ್ರಿ, ಅಲ್ಲಿ ಏನಿತ್ತು?"

ವಿಶ್ವೇಶ್ವರ ಹಾಳೆ ಬಿಡಿಸಿದರು. ಇಂಗ್ಲಿಷಿನಲ್ಲಿ ಬರೆದಿದ್ದರು: ಲಾಯಲ್, ಹಾರ್ಡ್‌ವರ್ಕಿಂಗ್, ಸೆಲ್ಫ್‌ಲೆಸ್. ಓದಲು ಬಾಯಿ ಬರಲಿಲ್ಲ. ಯಾವ ಕಂಪನಿಯ ರಿಟೈರ್‌ಮೆಂಟ್ ಪಾರ್ಟಿಯಲ್ಲಾದರೂ ಓದಬಹುದಾಗಿದ್ದ ಮಾತುಗಳು. ಮತ್ತೆ ಮಡಿಸಿ ಕೋಟಿನ ಜೇಬಿಗಿಟ್ಟರು.

"ಪಾಯಿಂಟ್ ತಗೊಂಡಿಲ್ಲ, ನಿಜ. ಒಂದೂ ಇಲ್ಲ," ಎಂದರು. "ಹೋದ ವರ್ಷದ ಒಂದು ಮ್ಯಾಚ್ ಹೇಳ್ತೀನಿ, ಕೇಳಿ."

*

ಸೆಪ್ಟೆಂಬರಿನ ಕೊನೆಯ ಆಟ. ಐವತ್ತೆರಡಕ್ಕೆ ನಾಲ್ಕು, ಸೋತು ಆಗಿತ್ತು. ಮುಗಿಯಲು ಎರಡೇ ನಿಮಿಷ. ಎದುರಿನ ಟೀಮಿನ ಇಪ್ಪತ್ತರ ಹುಡುಗನೊಬ್ಬ ಚೆಂಡು ಕಸಿದು ಓಟ ಕಿತ್ತ. ಮುಂದೆ ಮೈದಾನವೆಲ್ಲ ಖಾಲಿ. ನಿಜಗುಣನ ಟೀಮಿನವರು ಒಬ್ಬೊಬ್ಬರಾಗಿ ಸೊಂಟಕ್ಕೆ ಕೈಯಿಟ್ಟು ನಿಂತುಬಿಟ್ಟರು.

ನಿಜಗುಣ ನಿಲ್ಲಲಿಲ್ಲ. ನೂರಾ ಎಂಟು ಕಿಲೋದ ದೇಹ, ಪಟ್ಟಿ ಸುತ್ತಿದ ಮಂಡಿ. ಓಡಿದ. ಬೇಲಿಯ ಬಳಿ ಯಾರೋ ನಕ್ಕರು. ವಿಶ್ವೇಶ್ವರರಿಗೂ ನೋಡಲು ಸಂಕಟವಾಯಿತು. ಸಾಕು ಬಿಡೋ ಮಾರಾಯ ಎಂದುಕೊಂಡರು. ಹುಡುಗ ಮೂಲೆಯಲ್ಲಿ ಗೆರೆ ದಾಟಿ ಚೆಂಡು ನೆಲಕ್ಕೊತ್ತಿದಾಗ ನಿಜಗುಣ ಹತ್ತು ಹೆಜ್ಜೆ ಹಿಂದಿದ್ದ. ಬಂದವನು ಮಂಡಿಗೆ ಕೈಯೂರಿ ನಿಂತ. ಬೆನ್ನಿನಿಂದ ಹಬೆ ಏಳುತ್ತಿತ್ತು.

ಆಟ ಮುಗಿದ ಮೇಲೆ ವಿಶ್ವೇಶ್ವರ ಮೊದಲ ಸಲ ಗದರಿದರು. "ಯಾಕಯ್ಯ ಓಡ್ದೆ? ಸಿಗಲ್ಲ ಅಂತ ಗೊತ್ತಿತ್ತಲ್ವಾ?"

"ಗೊತ್ತಿತ್ರಿ."

"ಮತ್ತೆ?"

"ಅಂವ ಮೂಲ್ಯಾಗ ಇಟ್ಟ ನೋಡ್ರಿ ಸರ. ನಾ ಬೆನ್ನ ಹತ್ತಿರ್ಲಿಲ್ಲಂದ್ರ ನಿಧಾನ ನಡಕೋತ ಬಂದು ಗೋಲಿನ ಕಂಬದ ನಡುವ ಇಡ್ತಿದ್ದ. ಇಟ್ಟ ಜಾಗದ ನೇರಕ್ಕೇ ನಿಂತು ಕಂಬದ ನಡುವ ಹಾಯೂಹಂಗ ಒದೀಬೇಕಲ್ರಿ ಆಮ್ಯಾಲೆ. ನಡುವಿಂದ ಒದ್ರ ಎರಡು ಪಾಯಿಂಟು ಸಸಾರ. ಮೂಲಿಯಿಂದ ತ್ರಾಸ."

ಮೂಲೆಯಿಂದ ಒದ್ದ ಚೆಂಡು ಕಂಬದ ಹೊರಗೆ ಹೋಗಿತ್ತು. ಗೆರೆ ದಾಟಿದ್ದಕ್ಕೆ ಬಂದ ನಾಲ್ಕು ಸೇರಿ ಐವತ್ತಾರಕ್ಕೆ ನಾಲ್ಕು. ಐವತ್ತೆಂಟು ಆಗಲಿಲ್ಲ.

*

ವಿಶ್ವೇಶ್ವರ ಮಾತು ನಿಲ್ಲಿಸಿದರು. ಕೋಕಿಲಾ ಗಂಡನ ಮುಖದ ಕಡೆ ನೋಡುತ್ತಿದ್ದಳು. ಇಳಿಬಿದ್ದ ಅವಳ ಕೈಯಿಂದ ದನಿಯೊಂದು ಬಂತು. ಫೋನು ಆರಿರಲಿಲ್ಲ.

"ಯಾರ್ರಿ ಅಣ್ಣಾರ ಮಾತಾಡಾಕತ್ತಿದ್ದು? ಸ್ವಲ್ಪ ನನಗ ಕಾಣಸ್ರಿ."

ಕೋಕಿಲಾ ಫೋನನ್ನು ವಿಶ್ವೇಶ್ವರರ ಕೈಗೆ ಕೊಟ್ಟಳು.

"ನೀವು ದಿನಾ ನೋಡ್ತಿದ್ರೇನ್ರಿ ನನ್ನ ಮಗನ್ನ?"

"ವಾರಕ್ಕೊಂದ್ಸಲ ತಾಯಿ. ಬೇಸಿಗೆಯಲ್ಲಿ."

"ಬಾಳ ಬೀಳ್ತಿದ್ನೇನ್ರಿ?"

ಸುಳ್ಳು ಹೇಳಬಹುದಿತ್ತು. "ಬೀಳೋದೇ ಅವನ ಕೆಲಸ ಆಗಿತ್ತು. ಒಂದು ಆಟಕ್ಕೆ ಹದಿನೈದು, ಇಪ್ಪತ್ತು ಸಲ."

"ಏಳ್ತಿದ್ನ?"

"ಪ್ರತಿ ಸಲ. ಒಂದೊಂದ್ಸಲ ಲೇಟಾಗ್ತಿತ್ತು. ಆದ್ರೆ ಎದ್ದೇಳ್ತಿದ್ದ."

ಶಾರದವ್ವ ಫೋನನ್ನು ಮುಖಕ್ಕೆ ಹತ್ತಿರ ಹಿಡಿದರು. ಅವರ ಹಿಂದೆ ಯಾರೋ ಬಾಗಿಲು ಹಾಕಿದ ಸದ್ದು. ಲೋಕೇಶ ಮತ್ತೆ ಗಡಿಯಾರ ನೋಡಲಿಲ್ಲ.

"ಸಣ್ಣಾಂವ ಇದ್ದಾಗೂ ಹಂಗ ಇದ್ದ," ಎಂದರು ಕೊನೆಗೆ. "ಸಾಕು ಅಂತ ಬಾಯಿಲೆ ಅಂದಾಂವಲ್ಲ. ಕುಂತಲ್ಲೇ ನಿದ್ದಿ ಹೋಗಾಂವ, ನಾನ ಹಾಸಿಗಿಗೆ ಎಳಕೊಂಡು ಹೋಗ್ತಿದ್ನಿ." ಕನ್ನಡಕ ತೆಗೆದರು, ಈ ಸಲ ಒರೆಸಲಿಲ್ಲ. "ಕೋಕಿಲಾ."

"ಹೇಳ್ರಿ ಅತ್ತಿ."

"ದಣಿದಾನ ಅಂವ. ಮಲಗಲಿ ಬಿಡು. ಲಿಂಗ ಎದಿ ಮ್ಯಾಲ ಇಡು."

ಕೋಕಿಲಾ ಹೂಂ ಎಂದಳು. ಹೂಂ ಎಂದವಳು ಹಾಗೆಯೇ ಹತ್ತಿರದ ಕುರ್ಚಿಯಲ್ಲಿ ಕುಸಿದು, ಮಂಗಳವಾರದಿಂದ ಬಾರದೆ ನಿಂತಿದ್ದ ಅಳುವನ್ನು ಅತ್ತಳು. ನಿಧಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಳು.

ಲೋಕೇಶ ವಿಭೂತಿ ಹಚ್ಚಿದ. ಮಂತ್ರ ಮುಗಿದ ಮೇಲೆ ಕೋಕಿಲಾ ಮುಖ ಒರೆಸಿಕೊಂಡು ಮಗಳಿಗೆ ಹೇಳಿದಳು: "ಅವರನ್ನ ಕರಿ. ಎತ್ತಲಿ."

ಏಪ್ರಿಲ್ ತಿಂಗಳು. ಹಿಮ ಕರಗಿ ಸ್ಮಶಾನದ ನೆಲವೆಲ್ಲ ಕೆಸರಾಗಿತ್ತು. ಪೆಟ್ಟಿಗೆ ಇಳಿಸಿ, ಬಂದವರೆಲ್ಲ ಹಿಡಿ ಮಣ್ಣು ಹಾಕಿದರು. ಗುಂಡಿ ಮುಚ್ಚುವ ಯಂತ್ರ ದೂರದಲ್ಲಿ ಕಾಯುತ್ತಿತ್ತು. ಡೆಕ್ಲನ್ ಹೋಗಿ ಅದರ ಚಾಲಕನೊಂದಿಗೆ ಏನೋ ಮಾತಾಡಿ ನಾಲ್ಕು ಸಲಿಕೆ ತಂದ. ಕೋಟುಗಳು ಹುಲ್ಲಿನ ಮೇಲೆ ಬಿದ್ದವು. ಇಬ್ಬರು ದಣಿದರೆ ಇನ್ನಿಬ್ಬರು ಸಲಿಕೆ ಹಿಡಿದರು. ಮುಕ್ಕಾಲು ಗಂಟೆ ಮಣ್ಣು ಬೀಳುತ್ತಲೇ ಇತ್ತು. ವಿಶ್ವೇಶ್ವರ ನಿಲ್ಲಲಾಗದೆ ಪಕ್ಕದ ಬೆಂಚಿನ ಮೇಲೆ ಕುಳಿತರು. ಫೋನು ಇನ್ನೂ ಅವರ ಕೈಯಲ್ಲಿತ್ತು. ಮಣ್ಣು ನೆಲದ ಮಟ್ಟಕ್ಕೆ ಬಂದಾಗ ಶಾರದವ್ವ ಕೈಮುಗಿದು ತಾವೇ ಫೋನಿಟ್ಟರು.

ಪಾರ್ಕಿಂಗ್ ಲಾಟಿನ ಅಂಚಿನಲ್ಲಿ ಕಾಂಕ್ರೀಟಿನ ತಗ್ಗು ಕಟ್ಟೆಯಿತ್ತು. ದಾಂಡಿಗರು ಅಲ್ಲಿ ಸಾಲಾಗಿ ನಿಂತು, ಒಬ್ಬ ಇನ್ನೊಬ್ಬನ ಭುಜಕ್ಕೆ ಕೈಯಾನಿಸಿ, ಒಂಟಿ ಕಾಲಲ್ಲಿ, ಕಟ್ಟೆಗೆ ಬೂಟು ಕೆರೆದು ಕೆಸರು ತೆಗೆಯತೊಡಗಿದರು. ಪ್ರತಿ ಮ್ಯಾಚು ಮುಗಿದ ಮೇಲೂ ಕಾರು ಹತ್ತುವ ಮೊದಲು ಅವರು ಹೀಗೆಯೇ ನಿಲ್ಲುತ್ತಿದ್ದುದನ್ನು ವಿಶ್ವೇಶ್ವರ ಹನ್ನೊಂದು ವರ್ಷ ನೋಡಿದ್ದರು.

ಕೋಕಿಲಾ ಸ್ವಲ್ಪ ದೂರದಲ್ಲಿ ನಿಂತು ನೋಡಿದಳು. ಅವಳ ಚಪ್ಪಟೆ ಕರಿ ಶೂ ಕೆಸರಿನಲ್ಲಿ ಹಿಮ್ಮಡಿಯವರೆಗೂ ಹೂತು ಎದ್ದಿತ್ತು. ಆಮೇಲೆ ನಡೆದುಹೋಗಿ ಸಾಲಿನ ಕೊನೆಯಲ್ಲಿ, ಡೆಕ್ಲನ್‌ನ ಪಕ್ಕಕ್ಕೆ ನಿಂತಳು. ಡೆಕ್ಲನ್ ತಿರುಗಿ ನೋಡಲಿಲ್ಲ. ಅವಳ ಕೈಗೆ ಎಟುಕುವಷ್ಟು ಭುಜ ತಗ್ಗಿಸಿದ. ಅದರ ಮೇಲೆ ಭಾರ ಹಾಕಿ ಅವಳು ಒಂದು ಕಾಲನ್ನೆತ್ತಿದಳು.